ರಕ್ತ ನಿಲ್ಲಿಸುವ ಕೈಗಳು

ಅಡಿಕೆ ಸುಲಿಯುವಾಗ ಕತ್ತಿ ಜಾರಿ ಬೆರಳು ಕೊಯ್ದುಕೊಳ್ಳುವುದು ಚನ್ನಗಿರಿ ಸೀಮೆಯ ಮನೆಗಳಲ್ಲಿ ಹೊಸದೇನಲ್ಲ. ಹೊನ್ನಾಳಿ, ನ್ಯಾಮತಿಯ ಗದ್ದೆಗಳಲ್ಲಿ ಕುಡುಗೋಲು ತಾಗುತ್ತದೆ, ಜಗಳೂರಿನ ಹೊಲಗಳಲ್ಲಿ ಮುಳ್ಳು ತರಚುತ್ತದೆ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ, ನಾವೂ ಮರೆತುಬಿಡುತ್ತೇವೆ. ಆದರೆ ಕೆಲವರಿಗೆ ಸಣ್ಣ ಗಾಯದಿಂದಲೂ ರಕ್ತ ಸೋರುತ್ತಲೇ ಇರುತ್ತದೆ. ಇನ್ನು ಕೆಲವರಿಗೆ ಹೊರಗೆ ಗಾಯವೇ ಇಲ್ಲದಿದ್ದರೂ ಹೃದಯದ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು ಬರುತ್ತದೆ. ಹೀಗೇಕೆ? ಇದನ್ನು ತಿಳಿಯಲು ರಕ್ತದ ಅತಿ ಚಿಕ್ಕ ಕಣವೊಂದರ ಕೆಲಸವನ್ನು ನೋಡಬೇಕು.

ತೇರಿನ ಹಗ್ಗದಂತೆ

ಆ ಕಣದ ಹೆಸರು ಪ್ಲೇಟ್‌ಲೆಟ್. ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ರಕ್ತದಲ್ಲಿ, ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಪ್ಲೇಟ್‌ಲೆಟ್‌ಗಳಿರುತ್ತವೆ. ಇವುಗಳ ಆಯುಸ್ಸು ಏಳರಿಂದ ಹತ್ತು ದಿನ ಮಾತ್ರ. ಮೂಳೆಯೊಳಗಿನ ಮಜ್ಜೆ ದಿನವೂ ಹೊಸದನ್ನು ತಯಾರಿಸುತ್ತಲೇ ಇರುತ್ತದೆ.

ಪ್ರತಿ ಪ್ಲೇಟ್‌ಲೆಟ್‌ನ ಮೈಮೇಲೆ ಪ್ರೋಟೀನಿನಿಂದಾದ ಪುಟ್ಟ ಕೈಗಳಿವೆ. ವಿಜ್ಞಾನಿಗಳು ಇವನ್ನು ಅಂಟುವ ಗ್ರಾಹಕಗಳು ಎನ್ನುತ್ತಾರೆ. ಇವುಗಳಲ್ಲಿ ಮುಖ್ಯವಾದ ಒಂದು ಬಗೆಯ ಕೈ ಒಂದೊಂದು ಪ್ಲೇಟ್‌ಲೆಟ್ ಮೇಲೂ ಸುಮಾರು ಎಂಬತ್ತು ಸಾವಿರ ಇರುತ್ತದೆ. ರಕ್ತನಾಳ ಸರಿಯಿದ್ದಾಗ ಈ ಕೈಗಳು ಮಡಚಿಕೊಂಡಿರುತ್ತವೆ. ರಕ್ತನಾಳ ಹರಿದ ಕೂಡಲೇ ಪ್ಲೇಟ್‌ಲೆಟ್‌ಗಳು ಬೇರೊಂದು ಗ್ರಾಹಕದ ನೆರವಿನಿಂದ ಗಾಯದ ಅಂಚಿಗೆ ಅಂಟಿಕೊಳ್ಳುತ್ತವೆ. ಆಗ ಒಳಗಿನಿಂದ ಸೂಚನೆ ಹೊರಟು ಮಡಚಿದ ಕೈಗಳು ತೆರೆದುಕೊಳ್ಳುತ್ತವೆ. ರಕ್ತದಲ್ಲಿ ಹರಿಯುತ್ತಿರುವ ಫೈಬ್ರಿನೋಜೆನ್ ಎಂಬ ಉದ್ದನೆಯ ಪ್ರೋಟೀನನ್ನು ಹಿಡಿಯುತ್ತವೆ. ಜಾತ್ರೆಯಲ್ಲಿ ಅಲ್ಲಲ್ಲಿ ಬಿಡಿಬಿಡಿಯಾಗಿ ನಿಂತ ಜನ ತೇರು ಎಳೆಯುವ ಹೊತ್ತಿಗೆ ಒಂದೇ ಹಗ್ಗ ಹಿಡಿದು ಒಂದಾಗುತ್ತಾರಲ್ಲವೇ? ಹಾಗೆಯೇ ಇದು. ಲಕ್ಷಾಂತರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಕೂಡಿ ಗಾಯದ ಬಾಯಿಗೆ ಬಿರಟೆ ಹಾಕುತ್ತವೆ. ಅನಂತರ ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಅಂಶಗಳು ಒಂದಾದ ಮೇಲೊಂದು ಕೆಲಸಕ್ಕಿಳಿದು, ಫೈಬ್ರಿನ್ ನೂಲಿನ ಬಲೆ ನೇಯ್ದು ಬಿರಟೆಯನ್ನು ಭದ್ರಪಡಿಸುತ್ತವೆ.

ಲೆಕ್ಕ ಸರಿ, ಕೈ ಇಲ್ಲ

1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾನ್ಸ್‌ಮನ್ ಒಂದು ವಿಚಿತ್ರ ಕಾಯಿಲೆಯನ್ನು ವಿವರಿಸಿದರು. ರೋಗಿಗಳಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಸರಿಯಾಗಿಯೇ ಇತ್ತು, ಆದರೂ ರಕ್ತ ನಿಲ್ಲುತ್ತಿರಲಿಲ್ಲ. ಕಾರಣ ತಿಳಿಯಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. 1974ರಲ್ಲಿ ಪ್ಯಾರಿಸ್ಸಿನ ನರ್ಡನ್ ಮತ್ತು ಕಾನ್ ಎಂಬ ಸಂಶೋಧಕರು ಇಂಥ ರೋಗಿಗಳ ಪ್ಲೇಟ್‌ಲೆಟ್ ಮೇಲಿನ ಪ್ರೋಟೀನುಗಳಲ್ಲೇ ಕೊರತೆ ಇರುವುದನ್ನು ಕಂಡರು. ಹಗ್ಗ ಹಿಡಿಯುವ ಕೈಯೇ ಅವುಗಳಿಗೆ ಇರಲಿಲ್ಲ. ಇಂಥ ಗ್ರಾಹಕಗಳ ಇಡೀ ಕುಟುಂಬಕ್ಕೆ 1986ರಲ್ಲಿ ಇಂಟಿಗ್ರಿನ್ ಎಂಬ ಹೆಸರು ಬಂತು. ಈ ಕುಟುಂಬವನ್ನು ಬೆಳಕಿಗೆ ತಂದ ರಿಚರ್ಡ್ ಹೈನ್ಸ್, ಎರ್ಕಿ ರುಯೊಸ್ಲಾಹ್ಟಿ, ತಿಮೊತಿ ಸ್ಪ್ರಿಂಗರ್ ಅವರಿಗೆ 2022ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು.

ಈ ವಿಷಯ ನಮ್ಮ ಮನೆಗಳಿಗೂ ಸಂಬಂಧಿಸಿದ್ದು. ಗ್ಲಾನ್ಸ್‌ಮನ್ ಕಾಯಿಲೆ ಬಹಳ ಅಪರೂಪವೇನೋ ನಿಜ. ಆದರೆ ತಂದೆ ತಾಯಿ ಇಬ್ಬರಲ್ಲೂ ಇದರ ದೋಷ ಅಡಗಿದ್ದರೆ ಮಾತ್ರ ಮಗುವಿಗೆ ಬರುವುದರಿಂದ, ರಕ್ತಸಂಬಂಧದಲ್ಲಿ ಮದುವೆ ನಡೆಯುವ ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ಇಬ್ಬರಲ್ಲೂ ದೋಷವಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಡೆಂಗ್ಯೂ ಕಾಲದಲ್ಲಿ ಎಲ್ಲರ ಬಾಯಲ್ಲೂ ಪ್ಲೇಟ್‌ಲೆಟ್ ಲೆಕ್ಕದ ಮಾತೇ. ಲೆಕ್ಕ ಸರಿಯಿದ್ದರೆ ಎಲ್ಲವೂ ಸರಿ ಎಂದು ಜನ ನಂಬುತ್ತಾರೆ. ಮೇಲಿನ ಕಾಯಿಲೆ ಇದನ್ನು ಸುಳ್ಳಾಗಿಸುತ್ತದೆ. ಮಗುವಿಗೆ ಪದೇಪದೇ ಮೂಗಿನಿಂದ ರಕ್ತ ಬಂದು ನಿಲ್ಲದಿರುವುದು, ವಸಡಿನಿಂದ ರಕ್ತ ಜಿನುಗುವುದು, ಪೆಟ್ಟು ಬೀಳದೆ ಮೈಮೇಲೆ ನೀಲಿ ಕಲೆ ಏಳುವುದು, ಹಲ್ಲು ಕೀಳಿಸಿದಾಗ ಅಥವಾ ಕಿವಿ ಚುಚ್ಚಿಸಿದಾಗ ಗಂಟೆಗಟ್ಟಲೆ ರಕ್ತ ಸೋರುವುದು, ಹುಡುಗಿ ಮೈನೆರೆದಾಗಲೇ ವಿಪರೀತ ರಕ್ತ ಹೋಗುವುದು ಇದ್ದರೆ, ಲೆಕ್ಕ ಸರಿಯಿದೆ ಎಂದು ಸುಮ್ಮನಾಗಬೇಡಿ. ಪ್ಲೇಟ್‌ಲೆಟ್‌ಗಳು ಸರಿಯಾಗಿ ಕೂಡಿಕೊಳ್ಳುತ್ತವೆಯೇ ಎಂದು ನೋಡುವ ಬೇರೆ ಪರೀಕ್ಷೆ ಇದೆ. ಅದು ಬೇಕೇ ಎಂದು ವೈದ್ಯರನ್ನು ಕೇಳಿ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವುದನ್ನು ಹೆಣ್ಣುಮಕ್ಕಳು ನಾಚಿಕೆಯಿಂದ ಹೇಳುವುದಿಲ್ಲ. ತಾಯಂದಿರೇ ವಿಚಾರಿಸಬೇಕು.

ಕುಸುಮ ರೋಗವೇ ಬೇರೆ

ಕುಸುಮ ರೋಗ ಅಥವಾ ಹೀಮೋಫೀಲಿಯಾದಲ್ಲಿ ಪ್ಲೇಟ್‌ಲೆಟ್‌ಗಳ ಕೈ ಗಟ್ಟಿಯಾಗಿಯೇ ಇರುತ್ತದೆ. ಅನಂತರ ಬಲೆ ನೇಯಬೇಕಾದ ಎಂಟನೇ ಅಥವಾ ಒಂಬತ್ತನೇ ಅಂಶದ ಕೊರತೆ ಇರುತ್ತದೆ. ಎಂಟನೇ ಅಂಶದ ಕೊರತೆ ಸುಮಾರು ಐದು ಸಾವಿರ ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಸಾಮಾನ್ಯವಾಗಿ ತಾಯಿಯ ಮೂಲಕ ಗಂಡುಮಗುವಿಗೆ ಬಂದರೂ, ಸುಮಾರು ಮೂರರಲ್ಲಿ ಒಂದು ಕುಟುಂಬದಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ. ಆದ್ದರಿಂದ ತಾಯಿಯನ್ನು ದೂರುವುದು ತಪ್ಪು. ಮೊಣಕಾಲು, ಮೊಣಕೈ ಕೀಲುಗಳಲ್ಲಿ ರಕ್ತ ತುಂಬಿ ಊದಿಕೊಳ್ಳುವುದು ಇದರ ಮುಖ್ಯ ಗುರುತು. ಕೀಲುನೋವೆಂದು ತಿಳಿದು ಎಣ್ಣೆ ಹಚ್ಚಿ ತಿಕ್ಕಿಸಿದರೆ ಕೀಲು ಮತ್ತಷ್ಟು ಕೆಡುತ್ತದೆ.

ಈ ನಾಲ್ಕು ತಾಲ್ಲೂಕುಗಳವರಿಗೆ ಒಂದು ಅನುಕೂಲವಿದೆ. ಜಿಲ್ಲಾ ಕೇಂದ್ರ ದಾವಣಗೆರೆಯಲ್ಲಿ ಕರ್ನಾಟಕ ಹೀಮೋಫೀಲಿಯಾ ಸೊಸೈಟಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಸ್ವತಃ ಹೀಮೋಫೀಲಿಯಾ ಇರುವವರು. ಅಲ್ಲಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರ ಕಲಿಸಿದವರು. ಕಾಯಿಲೆ ಇದ್ದರೂ ಓದಿ, ದುಡಿದು, ಇತರರಿಗೆ ಆಸರೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಿಡಿತ ಬಿಡಿಸುವ ಮದ್ದು

ಈಗ ಇನ್ನೊಂದು ಮುಖ ನೋಡೋಣ. ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬಿನ ಪದರ ಬಿರಿದರೆ ಪ್ಲೇಟ್‌ಲೆಟ್‌ಗಳು ಅದನ್ನೂ ಗಾಯವೆಂದೇ ತಿಳಿದು ಅಲ್ಲಿಯೂ ಕೈಕೈ ಹಿಡಿಯುತ್ತವೆ. ನಾಳ ಮುಚ್ಚಿಹೋಗಿ ಹೃದಯಾಘಾತವಾಗುತ್ತದೆ. ಅಮೆರಿಕದ ವೈದ್ಯ ವಿಜ್ಞಾನಿ ಬ್ಯಾರಿ ಕಾಲರ್ ಅವರಿಗೆ ಗ್ಲಾನ್ಸ್‌ಮನ್ ರೋಗಿಗಳೇ ದಾರಿ ತೋರಿದರು. ಅವರಲ್ಲಿ ಇಲ್ಲದ ಆ ಕೈಯನ್ನು ಹೃದ್ರೋಗಿಯಲ್ಲಿ ಸ್ವಲ್ಪ ಕಾಲ ಕಟ್ಟಿಹಾಕಿದರೆ ಹೇಗೆ ಎಂದು ಅವರು ಯೋಚಿಸಿದರು. 1980ರ ದಶಕದಲ್ಲಿ ಅದಕ್ಕೆ ತಕ್ಕ ಪ್ರತಿಕಾಯ ತಯಾರಿಸಿದರು. ಅದರಿಂದ ಬಂದ ಅಬ್ಸಿಕ್ಸಿಮ್ಯಾಬ್ ಎಂಬ ಮದ್ದಿಗೆ ಅಮೆರಿಕದಲ್ಲಿ 1994ರಲ್ಲಿ ಒಪ್ಪಿಗೆ ದೊರೆಯಿತು.

1998ರಲ್ಲಿ ಬಂದ ಟಿರೋಫಿಬಾನ್ ಎಂಬ ಮದ್ದಿನ ಕಥೆ ಇನ್ನೂ ಸ್ವಾರಸ್ಯ. ಅದಕ್ಕೆ ಮಾದರಿಯಾದದ್ದು ಗರಗಸ ಮಂಡಲ ಹಾವಿನ ವಿಷದಲ್ಲಿರುವ ಒಂದು ಪುಟ್ಟ ಪ್ರೋಟೀನು. ಅದು ಪ್ಲೇಟ್‌ಲೆಟ್‌ನ ಕೈಯೊಳಗೆ ಹಗ್ಗದ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ಕಲ್ಲು, ಕುರುಚಲು ಇರುವ ಒಣನೆಲ ಈ ಹಾವಿಗೆ ಇಷ್ಟ. ಬಯಲುಸೀಮೆಯ ರೈತರು ಹೆದರುವ ಹಾವಿನಿಂದಲೇ ಹೃದಯದ ಮದ್ದಿನ ಸುಳಿವು ಸಿಕ್ಕಿತು.

ಆದರೆ ಹಾವು ಕಚ್ಚಿದಾಗ ಆಗುವುದು ಮದ್ದಲ್ಲ, ಅಪಾಯ. ಗರಗಸ ಮಂಡಲ, ಕೊಳಕುಮಂಡಲಗಳ ವಿಷ ರಕ್ತದ ಹೆಪ್ಪುಗಟ್ಟಿಸುವ ಅಂಶಗಳನ್ನೇ ಖರ್ಚು ಮಾಡಿ ಮುಗಿಸಿಬಿಡುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ಸ್ವಲ್ಪ ರಕ್ತವನ್ನು ಒಣಗಿದ ಹೊಸ ಗಾಜಿನ ಕೊಳವೆಯಲ್ಲಿ ಅಲುಗಿಸದೆ 20 ನಿಮಿಷ ಇಟ್ಟು ಆಮೇಲೆ ಬಾಗಿಸಿ ನೋಡುವುದು ಇದಕ್ಕಾಗಿಯೇ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ. ಮೊದಲ ಪರೀಕ್ಷೆ ಸರಿಬಂದರೂ ಮತ್ತೆ ಮತ್ತೆ ನೋಡಬೇಕಾಗುತ್ತದೆ. ಆದ್ದರಿಂದ ವೈದ್ಯರು ಹೇಳುವ ಮುನ್ನ ರೋಗಿಯನ್ನು ಮನೆಗೆ ಕರೆದೊಯ್ಯಬೇಡಿ.

ಮನೆಯಲ್ಲಿ ನೆನಪಿಡಿ

1. ಮೂಗಿನಿಂದ ರಕ್ತ ಬಂದರೆ ಮಗುವನ್ನು ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ. ಆದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

2. ರಕ್ತ ಬೇಗ ನಿಲ್ಲದವರಿಗೆ, ಡೆಂಗ್ಯೂ ಶಂಕೆ ಇರುವವರಿಗೆ ನೋವು ಜ್ವರಕ್ಕೆಂದು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಇವು ಪ್ಲೇಟ್‌ಲೆಟ್‌ಗಳ ಕೆಲಸ ಕುಂದಿಸುತ್ತವೆ.

3. ಹೃದ್ರೋಗಕ್ಕೆ, ಸ್ಟೆಂಟ್ ಹಾಕಿಸಿದ್ದಕ್ಕೆ ವೈದ್ಯರು ಆಸ್ಪಿರಿನ್ ಬರೆದಿದ್ದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವ ಮುನ್ನ ಅದರ ವಿಷಯ ದಂತವೈದ್ಯರಿಗೆ ತಿಳಿಸಿ.

4. ಹಾವು ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ವಿಷ ಹೀರುವುದು ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಿಸದಂತೆ ಇಟ್ಟು, 108ಕ್ಕೆ ಕರೆಮಾಡಿ, ನೇರವಾಗಿ ಆಸ್ಪತ್ರೆಗೆ ಸಾಗಿಸಿ.

5. ಸಂಬಂಧದಲ್ಲೇ ಮದುವೆ ಮಾಡುವ ಮುನ್ನ ಎರಡೂ ಕಡೆಯಲ್ಲಿ ರಕ್ತ ನಿಲ್ಲದೆ ತೊಂದರೆಪಟ್ಟವರು ಇದ್ದಾರೆಯೇ ಎಂದು ಹಿರಿಯರನ್ನು ಕೇಳಿ. ಇದ್ದರೆ ಮೊದಲು ವೈದ್ಯರನ್ನು ಕಾಣಿ. ಜಾತಕ ನೋಡುವಷ್ಟೇ ಆಸ್ಥೆಯಿಂದ ಇದನ್ನೂ ವಿಚಾರಿಸಿದರೆ ಹುಟ್ಟುವ ಮಗುವಿಗೆ ಒಳ್ಳೆಯದು.