ವೈದ್ಯವಿದ್ಯೆಗೆ ಪದಪ್ರವೇಶ

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಉತ್ತಮ ಅಂಕಗಳೊಡನೆ ಪದವಿಪೂರ್ವ ವಿಜ್ಞಾನ ವಿಭಾಗವನ್ನು ಸೇರಿದ ವಿದ್ಯಾರ್ಥಿಯು ಮೊದಲ ತಿಂಗಳುಗಳಲ್ಲಿಯೇ ಎದೆಗುಂದುವುದು ಅಧ್ಯಾಪಕರೆಲ್ಲರೂ ಬಲ್ಲ ಸಂಗತಿ. ವೈದ್ಯರಾಗಬೇಕು, ದಾದಿಯರಾಗಬೇಕು ಎಂದು ಹೊರಟ ಎಷ್ಟೋ ಮಕ್ಕಳು ಅಲ್ಲಿಯೇ ದಾರಿ ಬದಲಿಸುತ್ತಾರೆ. ಮೂತ್ರಪಿಂಡದ ಕಾರ್ಯವು ಅವರಿಗೆ ತಿಳಿಯದೆಂದಲ್ಲ. ಅದೇ ಅಂಗವು ಒಂದೆಡೆ ಕಿಡ್ನಿ ಎಂದೂ, ಮತ್ತೊಂದೆಡೆ ರೀನಲ್ ಎಂಬ ವಿಶೇಷಣವಾಗಿಯೂ, ಮಗುದೊಂದೆಡೆ ನೆಫ್ರೈಟಿಸ್ ಎಂಬ ರೋಗನಾಮದೊಳಗೆ ಹುದುಗಿಯೂ ಬಂದಾಗ ಗುರುತು ಹತ್ತುವುದಿಲ್ಲ.

ವೈದ್ಯ, ದಂತವೈದ್ಯ, ಆಯುರ್ವೇದ ಪದವಿಗಳಿಗೆ ನೀಟ್ ಪರೀಕ್ಷೆಯೇ ಹೆಬ್ಬಾಗಿಲು. ಅದರ 180 ಪ್ರಶ್ನೆಗಳಲ್ಲಿ 90 ಜೀವವಿಜ್ಞಾನಕ್ಕೆ ಸಂಬಂಧಿಸಿದವು. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತಿರುವುದು ಸಂತೋಷದ ವಿಷಯವೇ. ಆದರೆ ಪ್ರವೇಶ ದೊರೆತ ಮೇಲೆ ನಮ್ಮ ನಾಡಿನ ವೈದ್ಯಕೀಯ ಕಾಲೇಜುಗಳ ಪಾಠ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಪದಗಳ ಸಿದ್ಧತೆಯನ್ನು ಮುಂದೂಡಬಹುದೇ ಹೊರತು ತಪ್ಪಿಸಿಕೊಳ್ಳಲಾಗದು.

ಇಲ್ಲಿ ಭಾಷಾಧ್ಯಾಪಕರು ಕೈಕಟ್ಟಿ ಕೂಡಬೇಕಾಗಿಲ್ಲ. ವೈದ್ಯಪದಗಳಲ್ಲಿ ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ಪ್ರಕೃತಿ ಪ್ರತ್ಯಯಗಳನ್ನು ಬಿಡಿಸಿದರೆ ಅವು ತಾವಾಗಿ ಬಾಯಿಬಿಡುತ್ತವೆ. 'ಐಟಿಸ್' ಎಂದರೆ ಉರಿಯೂತ. 'ನೆಫ್ರಾಸ್' ಎಂದರೆ ಮೂತ್ರಪಿಂಡ. ಇಷ್ಟಾದರೆ ನೆಫ್ರೈಟಿಸ್ ಬಿಡಿಸಿದಂತಾಯಿತು. 'ಹೆಪಾರ್' ಯಕೃತ್ತೆಂದು ತಿಳಿದವನಿಗೆ ಹೆಪಟೈಟಿಸ್ ತಾನೇ ತೆರೆದುಕೊಳ್ಳುತ್ತದೆ. ರೀನಲ್ ಎಂಬುದು ಲ್ಯಾಟಿನ್ ಮೂಲದ್ದು. ಕಣ್ಣು, ನೇತ್ರ, ಅಕ್ಷಿ ಎಂದು ಮೂರು ಹೆಸರುಗಳನ್ನು ಬಲ್ಲ ಕನ್ನಡ ಬಾಲಕನಿಗೆ ಒಂದು ಅಂಗಕ್ಕೆ ಎರಡು ಹೆಸರಿರುವುದು ಸೋಜಿಗವೆನಿಸಲಾರದು. ಸಂಸ್ಕೃತದ ಪರಿಚಯವಿದ್ದವರಿಗೆ ಇನ್ನೊಂದು ಲಾಭವುಂಟು. ಗ್ರೀಕರ 'ಆಸ್ಟಿಯಾನ್' ನಮ್ಮ ಅಸ್ಥಿಯ ಬಂಧು. ಲ್ಯಾಟಿನ್ನಿನ 'ಡೆಂಟ್' ದಂತವೇ. ಅನಾದಿ, ಅನಂತಗಳಲ್ಲಿರುವ ನಿಷೇಧಾರ್ಥಕ 'ಅನ್' ಅನೀಮಿಯ ಎಂಬಲ್ಲಿಯೂ ಇದೆ. 'ಹೈಪರ್' ಉಪರಿಯೊಡನೆಯೂ 'ಹೈಪೊ' ಉಪದೊಡನೆಯೂ ಒಂದೇ ಬೇರಿನಿಂದ ಬಂದವು.

ಈ ಕಡೆಯ ಜೋಡಿಯ ಮೇಲೆ ಅಧ್ಯಾಪಕರು ಒಂದು ಇಡೀ ಅವಧಿಯನ್ನೇ ವ್ಯಯಿಸಿದರೂ ಹೆಚ್ಚಲ್ಲ. ಹೈಪರ್‌ಗ್ಲೈಸೀಮಿಯವೆಂದರೆ ರಕ್ತದಲ್ಲಿ ಸಕ್ಕರೆ ಏರಿರುವುದು, ಹೈಪೊಗ್ಲೈಸೀಮಿಯವೆಂದರೆ ಇಳಿದಿರುವುದು. ಇಳಿದವನಿಗೆ ಒಡನೆಯೇ ಸಕ್ಕರೆ ಬೇಕು; ಅವನಿಗೆ ಇನ್ಸುಲಿನ್ ಚುಚ್ಚಿದರೆ ಪ್ರಾಣಕ್ಕೇ ಸಂಚಕಾರ. ಅರ್ಥವರಿಯದೆ ಉರುಹೊಡೆದವರಿಗೆ ಇಂಥ ಪದಗಳು ರಾತ್ರಿಪಾಳಿಯ ಆಯಾಸದಲ್ಲಿ ಒಂದರಂತೆ ಇನ್ನೊಂದು ಕಂಡರೆ ಆಶ್ಚರ್ಯವಿಲ್ಲ. ಪರೀಕ್ಷೆಯಲ್ಲಿ ತಪ್ಪುತ್ತರಕ್ಕೆ ಒಂದು ಅಂಕವಷ್ಟೇ ಕಳೆಯುತ್ತದೆ.

ಆದರೂ ವ್ಯುತ್ಪತ್ತಿಯನ್ನೇ ಶಾಸ್ತ್ರವೆಂದು ಭ್ರಮಿಸಲಾಗದು; ಪಂಡಿತರಿಗೆ ಈ ಚಾಪಲ್ಯ ತುಸು ಹೆಚ್ಚು. ಮಲೇರಿಯ ಎಂಬುದರ ಮೂಲಾರ್ಥ 'ಕೆಟ್ಟ ಗಾಳಿ'. ಆ ಜ್ವರದ ಪರಾವಲಂಬಿಯನ್ನು ಸೊಳ್ಳೆಯ ಒಡಲಲ್ಲಿ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡ ಮೇಲೂ ಹಳೆಯ ಹೆಸರೇ ಉಳಿದಿದೆ. ಹೆಸರು ಬಾಗಿಲನ್ನು ತೋರಿಸುತ್ತದೆ. ಒಳಗಿರುವುದನ್ನು ಜೀವವಿಜ್ಞಾನದ ಅಧ್ಯಾಪಕರೇ ತೋರಿಸಬೇಕು.

ಕನ್ನಡದ ಪದಗಳನ್ನು ಈ ಅವಸರದಲ್ಲಿ ಮರೆಯಿಸುವುದೂ ಸಲ್ಲದು. ಮುಂದೆ ಆಸ್ಪತ್ರೆಗೆ ಬರುವ ಮುದುಕಿಯು 'ಕಣ್ಣಿಗೆ ಕತ್ತಲೆ ಕವಿಯಿತು, ಕೈಕಾಲು ಜೋಮು ಹಿಡಿಯಿತು' ಎನ್ನುವಳೇ ಹೊರತು ಗ್ರೀಕಿನಲ್ಲಿ ನುಡಿಯಳು.