ಸೇವೆಯ ಕರಾರು

ಆಗುಂಬೆಯ ಸಮೀಪದ ಅಡಿಕೆ ಬೆಳೆಗಾರನೊಬ್ಬನು ಕಾರ್ಯನಿಮಿತ್ತವಾಗಿ ಬೆಂಗಳೂರಿಗೆ ಬಂದಿದ್ದಾನೆ ಎಂದಿಟ್ಟುಕೊಳ್ಳಬಹುದು. ಕೊಳೆರೋಗಕ್ಕೆ ಅಂಜಿ ಮೊನ್ನೆ ಸಿಂಪಡಿಸಿದ ಬೋರ್ಡೋ ದ್ರಾವಣವು ನಿನ್ನೆಯ ಮಳೆಗೆ ತೊಳೆದುಹೋಯಿತೋ, ಉಳಿಯಿತೋ ಎಂಬುದೇ ಅವನ ಚಿಂತೆ. ಕೈಯಲ್ಲಿರುವ ದೂರವಾಣಿಯ ಪರದೆಯ ಮೇಲೆ ಊರಿನ ಹೆಸರನ್ನೂ ದಿನಾಂಕವನ್ನೂ ಒತ್ತುತ್ತಾನೆ. ಕ್ಷಣಮಾತ್ರದಲ್ಲಿ ಒಂದು ಅಂಕಿ ಮೂಡುತ್ತದೆ. ಆ ಅಂಕಿಯನ್ನು ನಂಬಿ ಅವನು ಮತ್ತೊಮ್ಮೆ ಸಿಂಪಡಿಸಲು ಆಳುಗಳಿಗೆ ಹೇಳಿಕಳುಹಿಸಬೇಕು, ಇಲ್ಲವೇ ಸುಮ್ಮನಿರಬೇಕು.

ಅವನಿಗೆ ಉತ್ತರ ಕೊಟ್ಟವರು ಯಾರು? ಮನುಷ್ಯರಲ್ಲ. ಎಲ್ಲಿಯೋ ಇರುವ ಗಣಕಯಂತ್ರದಲ್ಲಿ ಓಡುತ್ತಿರುವ ಒಂದು ಕ್ರಮವಿಧಿ. ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿಯು 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ವೆಬ್ಬಿನ ಯೋಜನೆಯನ್ನು ಮುಂದಿಟ್ಟಾಗ, ಮನುಷ್ಯರು ಪರಸ್ಪರರ ಬರೆಹಗಳನ್ನು ಓದಲು ಅನುಕೂಲವಾಗಲೆಂಬುದೇ ಮುಖ್ಯ ಆಶಯವಾಗಿತ್ತು. ಅದೇ ಹಾದಿಯಲ್ಲಿ ಒಂದು ಕ್ರಮವಿಧಿಯು ಇನ್ನೊಂದು ಕ್ರಮವಿಧಿಯನ್ನು ಪ್ರಶ್ನಿಸಬಹುದೆಂಬುದು ಬಳಿಕ ರೂಢಿಗೆ ಬಂದಿತು. ಹೀಗೆ ಪ್ರಶ್ನೆಗೆ ಉತ್ತರ ಕೊಡುವ ಏರ್ಪಾಟಿಗೆ ವೆಬ್ ಸೇವೆ ಎಂದು ಹೆಸರು. ಇಲ್ಲಿ ಬರುವ ಉತ್ತರದಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ. ಎಕ್ಸ್‌ಎಂಎಲ್ ಅಥವಾ ಜೆಸಾನ್ ಎಂಬ ರೂಪದಲ್ಲಿ ಬರೆದ ಕೆಲವೇ ಸಾಲುಗಳು.

ದೂರವಾಣಿಯೊಳಗಿನ ಕ್ರಮವಿಧಿಯನ್ನು ಬರೆದವರು ಒಬ್ಬರು, ಸೇವೆಯನ್ನು ಬರೆದವರು ಮತ್ತೊಬ್ಬರು. ಅವರು ಬಳಸಿದ ಗಣಕಭಾಷೆಗಳೂ ಬೇರೆಯಾಗಿರಬಹುದು; ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕಾಣದೆಯೂ ಇರಬಹುದು. ಆದ್ದರಿಂದ ಅವರ ನಡುವೆ ಒಂದು ಕರಾರು ಬೇಕಾಗುತ್ತದೆ. ಅದೇ ಸೇವೆಯ ಇಂಟರ್‌ಫೇಸ್. ಮಳೆಯ ಸೇವೆಯ ಕರಾರು ಚಿಕ್ಕದು: ಸೇವೆಯ ಹೆಸರು ‘ಮಳೆಪ್ರಮಾಣ’; ಕೇಳುವವರು ಊರನ್ನೂ ದಿನಾಂಕವನ್ನೂ ಕೊಡತಕ್ಕದ್ದು; ಸೇವೆಯು ಒಂದು ಸಂಖ್ಯೆಯನ್ನು ಮರಳಿ ಕೊಡುವುದು. ಆ ಸಂಖ್ಯೆಯನ್ನು ಯಾವ ಕಡತದಿಂದ, ಯಾವ ಉಪಾಯದಿಂದ ತರಲಾಯಿತು ಎಂಬ ಮಾತು ಕರಾರಿನಲ್ಲಿಲ್ಲ. ಇರಲೂಬಾರದು. ಮುಂದೆ ಬದಲಾಗಬಹುದಾದ ಪ್ರತಿಯೊಂದು ತೀರ್ಮಾನವನ್ನೂ ಕ್ರಮವಿಧಿಯ ಒಂದೊಂದು ಭಾಗದೊಳಗೆ ಮರೆಮಾಡಿ, ಹೊರಗಿನವರಿಗೆ ಕರಾರನ್ನಷ್ಟೇ ತೋರಬೇಕೆಂದು ಡೇವಿಡ್ ಪಾರ್ನಸ್ ಎಂಬ ಗಣಕವಿಜ್ಞಾನಿಯು 1972ರ ಲೇಖನವೊಂದರಲ್ಲಿ ವಾದಿಸಿದನು.

1995ರಲ್ಲಿ ಲೋಕಕ್ಕೆ ಪರಿಚಯವಾದ ಜಾವಾ ಭಾಷೆಯು ಇದಕ್ಕೆ ಎರಡು ಪದಗಳನ್ನೇ ಮೀಸಲಿಟ್ಟಿದೆ. ಕರಾರನ್ನು ಬರೆಯುವಾಗ ‘ಇಂಟರ್‌ಫೇಸ್’ ಎನ್ನಬೇಕು. ಅದನ್ನು ನಡೆಸಿಕೊಡಲು ಹೊರಟ ಭಾಗವು ‘ಇಂಪ್ಲಿಮೆಂಟ್ಸ್’ ಎಂದು ಮೊದಲ ಸಾಲಿನಲ್ಲಿಯೇ ಘೋಷಿಸಬೇಕು. ಹಾಗೆ ಘೋಷಿಸಿ ಕರಾರಿನ ಕೆಲಸವೊಂದನ್ನು ಬರೆಯದೆ ಬಿಟ್ಟರೆ, ಕ್ರಮವಿಧಿಯನ್ನು ಯಂತ್ರಕ್ಕೆ ಒಗ್ಗುವ ರೂಪಕ್ಕೆ ತಿರುಗಿಸುವ ಕಂಪೈಲರ್ ಅದನ್ನು ಒಪ್ಪುವುದಿಲ್ಲ. ಕಲಿಯುವವನು ಸಾಮಾನ್ಯವಾಗಿ ಮೊದಲು ಬರೆಯುವುದು ತೀರ ಸರಳವಾದುದನ್ನು: ಯಾವ ಊರು ಕೇಳಿದರೂ, ಯಾವ ದಿನ ಕೇಳಿದರೂ 12 ಎಂದು ಹೇಳುವ ಸೇವೆ. ನಗೆ ಬರಬಹುದು, ಆದರೆ ಅದೂ ಉಪಯುಕ್ತವೇ. ಪ್ರಶ್ನೆ ಹೋಗಿ ಉತ್ತರ ಬರುವ ದಾರಿ ಸರಿಯಾಗಿದೆಯೇ ಎಂಬುದನ್ನು ಅದರಿಂದ ಪರೀಕ್ಷಿಸಬಹುದು. ಅನಂತರ ನಿಜವಾದ ಮಳೆಯ ದಾಖಲೆಯನ್ನು ಓದಿ ಹೇಳುವ ಭಾಗವನ್ನು ಬರೆದು, ಹಳೆಯದನ್ನು ತೆಗೆದು ಅದರ ಜಾಗದಲ್ಲಿ ಇಡುತ್ತಾನೆ. ಕೇಳುವ ಕಡೆಯ ಕ್ರಮವಿಧಿಯಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.

ಆದರೆ 12 ಎಂಬ ಸುಳ್ಳುತ್ತರವನ್ನೂ ಕಂಪೈಲರ್ ಒಪ್ಪಿತ್ತೆಂಬುದನ್ನು ಮರೆಯುವಂತಿಲ್ಲ. ಅದು ನೋಡುವುದು ರೂಪವನ್ನು, ಅರ್ಥವನ್ನಲ್ಲ. ಸಂಖ್ಯೆ ಮಿಲಿಮೀಟರಿನಲ್ಲಿದೆಯೇ, ಅಂಗುಲದಲ್ಲಿದೆಯೇ? ನಿನ್ನೆ ಎಂದರೆ ಯಾವಾಗಿನಿಂದ ಯಾವಾಗಿನವರೆಗೆ? ಭಾರತದ ಹವಾಮಾನ ಇಲಾಖೆಯಲ್ಲಿ ಬೆಳಿಗ್ಗೆ 8.30ಕ್ಕೆ ಕೊನೆಗೊಳ್ಳುವ 24 ಗಂಟೆಗಳ ಮಳೆಯನ್ನು ಆ ದಿನದ ಲೆಕ್ಕಕ್ಕೆ ಬರೆಯುವುದು ಪದ್ಧತಿ; ಆದುದರಿಂದ ನಿನ್ನೆ ಸಂಜೆ ಸುರಿದ ಮಳೆ ಇಂದಿನ ತಾರೀಖಿನ ಕೆಳಗೆ ಕಾಣುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದುದು ಸೊನ್ನೆ. ಅಂದಿನ ದಾಖಲೆಯೇ ಬಂದಿಲ್ಲದಾಗ ಸೋಮಾರಿ ಬರೆಹಗಾರನು 0 ಎಂದು ಮರಳಿಸಿಬಿಡುತ್ತಾನೆ. ಮಳೆ ಬರಲಿಲ್ಲ ಎಂಬುದಕ್ಕೂ ಮಳೆಯ ಸುದ್ದಿ ಬರಲಿಲ್ಲ ಎಂಬುದಕ್ಕೂ ಇರುವ ಅಂತರ ಅಲ್ಲಿ ಅಳಿಸಿಹೋಗುತ್ತದೆ. ಔಷಧಿ ಉಳಿದಿದೆಯೆಂದು ಬೆಳೆಗಾರನು ನೆಮ್ಮದಿಯಿಂದಿರುವಾಗ ತೋಟದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ಕೇಳಿದ್ದು ದೊರೆಯಲಿಲ್ಲ ಎಂದು ತಿಳಿಸಲು ವೆಬ್ಬಿನಲ್ಲಿ 404 ಎಂಬ ಸಂಕೇತವಿದೆ. ಅದನ್ನು ಬಳಸಲು ನಾಲ್ಕು ಸಾಲು ಹೆಚ್ಚು ಬರೆಯಬೇಕು, ಅಷ್ಟೆ.

ರೂಪ ಸರಿಯಿದ್ದು ಅರ್ಥ ತಪ್ಪಿದರೆ ಏನಾಗುವುದೆಂಬುದಕ್ಕೆ ದೊಡ್ಡ ನಿದರ್ಶನವೊಂದಿದೆ. ಅದು ವೆಬ್ ಸೇವೆಯದಲ್ಲ. ಎರಡು ಕ್ರಮವಿಧಿಗಳ ನಡುವೆ ಸಾಗುತ್ತಿದ್ದ ಒಂದು ಕಡತದ್ದು. ಅಮೆರಿಕದ ನಾಸಾ ಸಂಸ್ಥೆಯು 1998ರ ಡಿಸೆಂಬರ್ 11ರಂದು ಮಂಗಳಗ್ರಹದ ಹವೆಯನ್ನು ಅಭ್ಯಸಿಸಲು ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆಯನ್ನು ಹಾರಿಸಿತು. ದಾರಿಯಲ್ಲಿ ನೌಕೆಯ ಚಿಕ್ಕ ಎಂಜಿನುಗಳು ಆಗಾಗ ಉರಿಯುತ್ತಿದ್ದವು. ಪ್ರತಿಸಲವೂ ಎಷ್ಟು ನೂಕು ದೊರೆಯಿತೆಂಬುದನ್ನು ಭೂಮಿಯ ಮೇಲಿನ ಒಂದು ಕ್ರಮವಿಧಿ ಲೆಕ್ಕ ಹಾಕಿ ಕಡತದಲ್ಲಿ ಬರೆಯುತ್ತಿತ್ತು. ಇನ್ನೊಂದು ಅದನ್ನೋದಿ ನೌಕೆಯ ಹಾದಿಯನ್ನು ನಿರ್ಣಯಿಸುತ್ತಿತ್ತು. ಸಂಖ್ಯೆಗಳು ನ್ಯೂಟನ್-ಸೆಕೆಂಡಿನಲ್ಲಿರಬೇಕೆಂದು ಕರಾರು ಸ್ಪಷ್ಟವಾಗಿಯೇ ಹೇಳಿತ್ತು. ಮೊದಲನೆಯ ಕ್ರಮವಿಧಿಯು ಮಾತ್ರ ಪೌಂಡ್-ಸೆಕೆಂಡಿನಲ್ಲಿ ಬರೆಯಿತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಪ್ರತಿಯೊಂದು ನೂಕೂ ಇರುವುದಕ್ಕಿಂತ ನಾಲ್ಕೂವರೆ ಪಟ್ಟು ಕಡಿಮೆಯೆಂದು ಎಣಿಕೆಯಾಯಿತು. ಕಡತವನ್ನು ಓದಿದ ಯಂತ್ರಕ್ಕೆ ಸಂದೇಹ ಬರಲಿಲ್ಲ. ಅದು ಕಂಡದ್ದು ಸಂಖ್ಯೆಗಳನ್ನೇ.

1999ರ ಸೆಪ್ಟೆಂಬರ್ 23ರಂದು ನೌಕೆಯು ಮಂಗಳವನ್ನು ತಲುಪಿತು. 226 ಕಿಲೋಮೀಟರು ಎತ್ತರದಲ್ಲಿ ಹಾಯಬೇಕಾಗಿದ್ದ ಅದರ ಹಾದಿಯು ಸುಮಾರು 57 ಕಿಲೋಮೀಟರಿಗೆ ಇಳಿದಿತ್ತೆಂದು ಬಳಿಕ ತಿಳಿಯಿತು. ಗ್ರಹದ ಮರೆಗೆ ಅದು ಸರಿದಾಗ ಅದರ ಸಂಕೇತವು ನಿರೀಕ್ಷಿಸಿದ್ದಕ್ಕಿಂತ 49 ಸೆಕೆಂಡು ಮೊದಲೇ ನಿಂತುಹೋಯಿತು. ಮತ್ತೆ ಕೇಳಿಬರಲಿಲ್ಲ.