ಚಳಿಗಾಲದ ಟೈರು: ಎರಡನೆಯ ಸೆಟ್ಟಿನ ಲೆಕ್ಕ

ಅಕ್ಟೋಬರು ಕಳೆಯುತ್ತಿದ್ದಂತೆ ಒಟ್ಟಾವಾ ನಗರದ ಕನ್ನಡ ಮನೆಗಳಲ್ಲಿ, ವಿಶೇಷವಾಗಿ ಊರಿನಿಂದ ಹೊಸದಾಗಿ ಬಂದು ಮೊದಲ ಕಾರು ಕೊಂಡವರಲ್ಲಿ, ಪ್ರತಿವರ್ಷವೂ ಒಂದೇ ಪ್ರಶ್ನೆ ಏಳುತ್ತದೆ: ಕಾರಿನೊಡನೆ ಬಂದ ಆಲ್-ಸೀಸನ್ ಟೈರುಗಳು ಚೆನ್ನಾಗಿಯೇ ಇರುವಾಗ, ಚಳಿಗಾಲಕ್ಕೆಂದೇ ಇನ್ನೊಂದು ಸೆಟ್ಟಿಗೆ ಹಣ ಸುರಿಯುವುದು ಯುಕ್ತವೇ? ನದಿಯಾಚೆಯ ಕ್ವಿಬೆಕ್ ಪ್ರಾಂತದಲ್ಲಿ ಈ ಜಿಜ್ಞಾಸೆಗೆ ಆಸ್ಪದವಿಲ್ಲ. ಅಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಒಂಟಾರಿಯೋದ ಈ ಭಾಗದಲ್ಲಾದರೋ ಕಾನೂನು ಅದನ್ನು ನಮ್ಮ ವಿವೇಚನೆಗೇ ಬಿಟ್ಟಿದೆ.

ಹಿಮಕ್ಕಿಂತ ಶೈತ್ಯವೇ ಇಲ್ಲಿ ಮೊದಲ ಶತ್ರು. ಉಷ್ಣತೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿದಾಗ ಆಲ್-ಸೀಸನ್ ಟೈರಿನ ರಬ್ಬರು ಗಡುಸಾಗುತ್ತ ಹೋಗಿ, ಒಣರಸ್ತೆಯ ಮೇಲೂ ತನ್ನ ಹಿಡಿತವನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ಕೊರೆಯುವ ಗ್ಯಾರೇಜಿನಲ್ಲಿ ಎರಡು ಬಗೆಯ ಟೈರುಗಳನ್ನೂ ಪಕ್ಕಪಕ್ಕದಲ್ಲಿರಿಸಿ ಹೆಬ್ಬೆರಳಿನಿಂದ ಒತ್ತಿ ನೋಡಿದ್ದೇನೆ: ಒಂದು ಮರದ ಕೊರಡಿನಂತೆ ಬೆರಳಿಗೆ ಎದುರು ನಿಂತಿತು, ಇನ್ನೊಂದು ತುಸು ಬಾಗಿ, ಮೈಮೇಲಿನ ನೂರಾರು ಸಣ್ಣ ಸೀಳುಗಳನ್ನು ತೆರೆದು ತೋರಿತು. ಹಿಮವನ್ನು ಕಚ್ಚಿ ಹಿಡಿಯುವುವು ಆ ಸೀಳುಗಳೇ. ನಾಲ್ಕೂ ಚಕ್ರಗಳಿಗೆ ಎಂಜಿನಿನ ಶಕ್ತಿ ಹರಿಯುವ ಕಾರು ಹೊರಡಲು ನೆರವಾದೀತೇ ಹೊರತು, ಬ್ರೇಕು ಒತ್ತಿದಾಗ ನಿಲ್ಲಿಸಬೇಕಾದುದು ಟೈರು ಮಾತ್ರ.

ಇನ್ನು ಹಣದ ಮಾತು. ಎರಡನೆಯ ಸೆಟ್ಟಿನ ಪೂರ್ಣ ಬೆಲೆಯನ್ನು ಹೆಚ್ಚುವರಿ ಖರ್ಚೆಂದು ಬರೆದುಕೊಳ್ಳುವುದು ಸರಿಯಲ್ಲ. ಏಕೆಂದರೆ ಒಂದು ಸೆಟ್ಟು ಸವೆಯುವಾಗ ಇನ್ನೊಂದು ವಿಶ್ರಮಿಸುತ್ತಿದ್ದು, ಎರಡೂ ಕೂಡಿ ಸುಮಾರು ಇಮ್ಮಡಿ ಕಾಲ ಬಾಳುತ್ತವೆ. ನಿಜವಾದ ಹೆಚ್ಚುವರಿಯೆಂದರೆ ಉಕ್ಕಿನ ರಿಮ್ಮುಗಳು ಮತ್ತು ವರ್ಷಕ್ಕೆರಡು ಬಾರಿ ಬದಲಿಸುವ ಕೂಲಿ. ರಿಮ್ಮುಗಳಿಗೆ 400 ಡಾಲರೆಂದೂ ಅವು 8 ವರ್ಷ ಬಾಳುವುವೆಂದೂ ಇಟ್ಟುಕೊಂಡರೆ ವರ್ಷಕ್ಕೆ 50, ಕೂಲಿ 120 ಎನ್ನಿ, ಒಟ್ಟು 170. ಚಳಿಗಾಲದ ಟೈರು ಹಾಕಿಸಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕೆಂಬ ನಿಯಮ ಒಂಟಾರಿಯೋದಲ್ಲಿ 2016ರಿಂದ ಜಾರಿಯಲ್ಲಿದೆ. 1800 ಡಾಲರಿನ ಕಂತಿಗೆ ಶೇಕಡ 5ರಷ್ಟು ದೊರೆತರೆ 90 ಕಳೆಯಿತು. ಉಳಿದ 80 ಡಾಲರು, ಮಕ್ಕಳನ್ನು ಕೂರಿಸಿಕೊಂಡು ಜನವರಿಯ ಮುಂಜಾವಿನಲ್ಲಿ ಹೆದ್ದಾರಿಗಿಳಿಯುವ ಯಾವ ತಂದೆತಾಯಿಗೂ ದುಬಾರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೂ ಎಲ್ಲರಿಗೂ ಇದೇ ಮಾತನ್ನು ನಾನು ಹೇಳಲಾರೆ. ಬಸ್ಸಿನಲ್ಲೇ ಕಚೇರಿಗೆ ಹೋಗಿಬರುವ ಮೈಸೂರಿನ ಮಿತ್ರರೊಬ್ಬರು, ಭಾನುವಾರದ ಸಾಮಾನಿಗಷ್ಟೇ ಕಾರು ತೆಗೆಯುವವರು, ಮೊನ್ನೆ ನನ್ನನ್ನು ಕೇಳಿದರು. ರಬ್ಬರು ಓಡದೆ ನಿಂತರೂ ಮುಪ್ಪಾಗುವುದರಿಂದ ಎರಡು ಸೆಟ್ಟಿನ ಲಾಭ ಅವರಿಗೆ ದಕ್ಕದು. “ನಿಮಗೆ ಬೇಸಿಗೆ, ಚಳಿಗಾಲ ಎರಡಕ್ಕೂ ಒಂದೇ ಸೆಟ್ಟಾಗಿ ಒದಗುವ ಆಲ್-ವೆದರ್ ಟೈರು ಸಾಕು, ರಾಯರೇ, ಆದರೆ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಮುದ್ರೆ ಇದೆಯೇ ನೋಡಿ. ಬರಿಯ ‘ಎಂ ಪ್ಲಸ್ ಎಸ್’ ಇದ್ದರೆ ಬೇಡ. ಎರಡೇ ಕೊಂಡು ಮುಂದಿನ ಚಕ್ರಗಳಿಗೆ ಹಾಕಿಸಬೇಡಿ, ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ರಿಯಾಯಿತಿಯ ಮಾಲಾದರೆ ತಯಾರಿಕೆಯ ನಾಲ್ಕಂಕಿಗಳನ್ನು ಓದಿ, 3423 ಎಂದಿದ್ದರೆ 2023ರ 34ನೆಯ ವಾರ,” ಎಂದೆ.